ಬೀದರ್: ಸಿಡಿಮದ್ದು ಬದಲಿಸಿದ ನಗರದ ಚಿತ್ರಣ

1657ರ ಮೊಗಲ್ ಮುತ್ತಿಗೆ ಹಾಗೂ 1695-96ರ ಸಿಡಿಮದ್ದಿನ ಸ್ಫೋಟ ಬೀದರ್ ನಗರದ ರೂಪವನ್ನು ಬದಲಿಸಿದವು. ಆ ಬದಲಾದ ನಗರವನ್ನು ಬಖೈರುಕಾರರು, ಪ್ರವಾಸಿಗರು, ಛಾಯಾಗ್ರಾಹಕರು, ನಕ್ಷೆಗಾರರು ಮತ್ತು ಪುರಾತತ್ತ್ವಜ್ಞರು ಹೇಗೆ ಕಂಡು ದಾಖಲಿಸಿದರು ಎಂಬುದು ಈ ಲೇಖನದ ವಿಷಯ. ಯುದ್ಧದಲ್ಲಿ ಜರ್ಝರಿತವಾದ ಊರಿನ ಚಿತ್ರ ಎಂದೊಡನೆ ಇಪ್ಪತ್ತನೆಯ ಶತಮಾನದ ಯುರೋಪು ಮನಸ್ಸಿಗೆ ಬರುತ್ತದೆ. ಆದರೆ ವಿಮಾನಗಳು ಹುಟ್ಟುವುದಕ್ಕೆ ಬಹಳ ಮೊದಲೇ ದಖ್ಖನಿನ ಕೋಟೆಪಟ್ಟಣಗಳು ತೋಪು, ಬಾಣ, ಸುರಂಗಮದ್ದುಗಳಿಗೆ ಮೈಯೊಡ್ಡಿದ್ದವು. ಅವುಗಳಲ್ಲಿ ಗಾಯದ ಗುರುತನ್ನು ಇವತ್ತಿಗೂ ಬಯಲಲ್ಲೇ ಇಟ್ಟುಕೊಂಡು ನಿಂತಿರುವ ಊರು ಬೀದರ್. ಊರ ನಡುವೆಯೇ ಇರುವ ಮಹಮೂದ್ ಗವಾನನ ಮದರಸಾದ ಎರಡು ಮಿನಾರುಗಳಲ್ಲಿ ಒಂದು ಉಳಿದಿದೆ, ಇನ್ನೊಂದು ಇದ್ದ ಜಾಗ ಬರಿದಾಗಿದೆ.

ಈ ಚಿತ್ರಣದ ಚರಿತ್ರೆಯಲ್ಲಿ ಒಂದು ವೈಶಿಷ್ಟ್ಯವಿದೆ. ಶ್ರೀರಂಗಪಟ್ಟಣ ಬಿದ್ದಾಗ ವರ್ಷ ಕಳೆಯುವುದರೊಳಗೆ ಅದರ ಚಿತ್ರಗಳು ಲಂಡನ್ನಿನಲ್ಲಿ ಪ್ರದರ್ಶನಗೊಂಡವು. ಬೀದರ್‌ಗೆ ಅಂಥ ಸಮಕಾಲೀನ ಚಿತ್ರಕಾರ ಒದಗಲಿಲ್ಲ. ಅದರ ಮೊದಲ ಚಿತ್ರಗಳು ಮಾತಿನಲ್ಲಿವೆ. ಕಣ್ಣಿಗೆ ಕಾಣುವ ಚಿತ್ರಗಳು ಬಂದದ್ದು ಸುಮಾರು ಎರಡು ಶತಮಾನಗಳ ಮೇಲೆ, ಅದೂ ಕ್ಯಾಮೆರಾ ಮತ್ತು ಅಳತೆಪಟ್ಟಿ ಹಿಡಿದವರ ಕೈಯಿಂದ. ಅಷ್ಟರಲ್ಲಿ ಹೊಗೆ ಆರಿ, ಒಡೆದ ಗೋಡೆಯ ಮೇಲೆ ಹುಲ್ಲು ಬೆಳೆದಿತ್ತು. ಹೀಗಾಗಿ ಬೀದರಿನ ಚಿತ್ರಗಳಲ್ಲಿ ಯುದ್ಧ ಕಾಣುವುದಿಲ್ಲ, ಯುದ್ಧದಿಂದಾದ ಖಾಲಿ ಜಾಗ ಮಾತ್ರ ಕಾಣುತ್ತದೆ. ಅದನ್ನು ಬರಿಯ ಪುರಾತನತೆಯ ಸೊಬಗು ಎಂದು ನೋಡಿ ಮುಂದೆ ಸಾಗುವುದು ಈ ಊರಿಗೆ ಮಾಡುವ ಅನ್ಯಾಯ.

ಮುರಿಯುವ ಮುನ್ನ

ಬಹಮನಿ ಸುಲ್ತಾನ ಅಹಮದ್ ಷಾ ವಲಿ 1420ರ ದಶಕದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ತಂದ. ಜಂಬಿಟ್ಟಿಗೆ ಕಲ್ಲಿನ ಎತ್ತರದ ನೆಲದ ಅಂಚಿನಲ್ಲಿ ಕೋಟೆ ಎದ್ದಿತು. ಅದೇ ಬಂಡೆಯನ್ನು ಕಡಿದು ಮೂರು ಸಾಲಿನ ಕಂದಕ ತೋಡಿದರು. ಒಳಗೆ ತಖ್ತ್ ಮಹಲ್, ಗಗನ್ ಮಹಲ್, ತರ್ಕಶ್ ಮಹಲ್, ದಿವಾನ್-ಎ-ಆಮ್, ಸೋಲಾ ಖಂಬಾ ಮಸೀದಿಗಳು ಬೆಳೆದವು. ಬರೀದ್ ಷಾಹಿ ದೊರೆ ಅಲಿ ಬರೀದನ ಕಾಲದಲ್ಲಿ ರಂಗೀನ್ ಮಹಲಿನ ಕರಿಗಲ್ಲಿಗೆ ಮುತ್ತಿನ ಚಿಪ್ಪಿನ ಕೆತ್ತನೆ ಕೂಡಿಕೊಂಡಿತು. ಮಾಂಜ್ರಾ ನದಿಯ ಆಚೆಗೆ ಔರಾದ್, ವಾಯವ್ಯಕ್ಕೆ ಭಾಲ್ಕಿ. ಇಂದು ಇವು ಇದೇ ಜಿಲ್ಲೆಯ ತಾಲೂಕು ಕೇಂದ್ರಗಳು. ಅಂದು ಉತ್ತರದಿಂದ ಇಳಿದು ಬರುವ ದಂಡುಗಳಿಗೆ ರಾಜಧಾನಿಯ ಹೊರಬಾಗಿಲಿನಂತಿದ್ದ ಸೀಮೆ. ಭಾಲ್ಕಿ, ಔರಾದ್‌ಗಳಿಗೆ ತಾಗಿಕೊಂಡಿರುವ ಉದಗೀರಿನಲ್ಲಿ 1760ರಲ್ಲಿ ಮರಾಠರಿಗೂ ನಿಜಾಮನ ಸೈನ್ಯಕ್ಕೂ ದೊಡ್ಡ ಕಾಳಗವಾಯಿತು. ಹೊಲಗಳ ಮೇಲೆ ಹಾದುಹೋಗುವ ಯುದ್ಧ ಮಳೆ ಬಿದ್ದೊಡನೆ ಅಳಿಸಿಹೋಗುತ್ತದೆ. ಕಲ್ಲುಕಟ್ಟಡವಿರುವ ರಾಜಧಾನಿಯಲ್ಲಿ ಮಾತ್ರ ಅದರ ಗುರುತು ನಿಲ್ಲುತ್ತದೆ. ಈ ಲೇಖನ ಬಹುಪಾಲು ಬೀದರ್ ನಗರದ ಸುತ್ತಲೇ ಸುತ್ತುವುದಕ್ಕೆ ಅದೇ ಕಾರಣ.

ಹಾನಿಗೆ ಮುಂಚಿನ ಬೀದರಿನ ಅತ್ಯಂತ ಜೀವಂತ ಚಿತ್ರ ಕೊಟ್ಟವನು ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್. 1470ರ ಆಸುಪಾಸಿನಲ್ಲಿ ಕುದುರೆ ಮಾರಲು ಬಂದ ಅವನು ಇಲ್ಲಿ ಬಹುಕಾಲ ಇದ್ದ. ಅರಮನೆಗೆ ಏಳು ಬಾಗಿಲು, ಬಾಗಿಲು ಬಾಗಿಲಿಗೂ ಕಾವಲಿನವರು ಮತ್ತು ಹೋಗಿಬರುವವರ ಹೆಸರು ಬರೆದುಕೊಳ್ಳುವ ಕರಣಿಕರು, ಒಳಗೆ ಕೆತ್ತನೆ ಮತ್ತು ಚಿನ್ನದ ಲೇಪ ಇಲ್ಲದ ಕಲ್ಲೇ ಇಲ್ಲ ಎಂಬಷ್ಟು ಅಲಂಕಾರ ಎಂದು ಅವನು ವರ್ಣಿಸಿದ್ದಾನೆ. ಅವನು ಮೆಲಿಕ್ ತುಚಾರ್ ಎಂದು ಕರೆಯುವ ವಜೀರನೇ ಮಹಮೂದ್ ಗವಾನ್. ಆಗ ಗವಾನನ ಮದರಸಾ ಮೇಲೇಳುತ್ತಿದ್ದ ಕಾಲ. 1472ರ ಹೊತ್ತಿಗೆ ಅದು ಸಿದ್ಧವಾಯಿತು. ಮೂರು ಅಂತಸ್ತು, ಪೂರ್ವ ಪಶ್ಚಿಮವಾಗಿ 205 ಅಡಿ, ಉತ್ತರ ದಕ್ಷಿಣವಾಗಿ 180 ಅಡಿ, ನಡುವೆ ಚೌಕದ ಅಂಗಳ. ಅಲ್ಲಿ ಮೂರು ಸಾವಿರ ಗ್ರಂಥಗಳಿದ್ದವು ಎಂಬ ಮಾತು ಬಳಕೆಯಲ್ಲಿದೆ.

ಅದೇ ಗವಾನ್ 1472-73ರಲ್ಲಿ ಬೆಳಗಾವಿ ಕೋಟೆಗೆ ಮುತ್ತಿಗೆ ಹಾಕಿದ. ಅಲ್ಲಿ ಗೋಡೆಯ ಬುಡಕ್ಕೆ ಸುರಂಗ ಕೊರೆದು ಮದ್ದು ತುಂಬಿ ಸಿಡಿಸಿದರು, ದಖ್ಖನಿಗೆ ಆ ವಿದ್ಯೆ ಹೊಸತಾಗಿತ್ತು ಎಂಬುದು ಇತಿಹಾಸಕಾರ ಫಿರಿಷ್ತನ ಹೇಳಿಕೆ. ಗ್ರಂಥಾಲಯ ಮತ್ತು ಸುರಂಗಮದ್ದು ಒಬ್ಬನೇ ಮನುಷ್ಯನ ಆಡಳಿತದಲ್ಲಿ, ಹೆಚ್ಚು ಕಡಿಮೆ ಒಂದೇ ವರ್ಷದಲ್ಲಿ ಈ ಸೀಮೆಗೆ ಬಂದವು. ಮದರಸಾದ ಮುಂದಿನ ಕಥೆಯನ್ನು ಓದುವಾಗ ಇದನ್ನು ಮರೆಯಲಾಗದು. ಗವಾನ್ 1481ರಲ್ಲಿ ಸುಲ್ತಾನನ ಆಜ್ಞೆಯಿಂದಲೇ ಕೊಲೆಯಾದ.

1657ರ ಮುತ್ತಿಗೆ

ಬಹಮನಿಗಳ ತರುವಾಯ ಬರೀದ್ ಷಾಹಿಗಳು ಆಳಿದರು. 1619ರಲ್ಲಿ ಬೀದರ್ ಬಿಜಾಪುರದ ಆದಿಲ್ ಷಾಹಿಗಳ ಕೈಸೇರಿತು. ಅವರ ಕಿಲ್ಲೇದಾರ ಸಿದ್ದಿ ಮರ್ಜಾನ್ ಆಫ್ರಿಕಾ ಮೂಲದ ಹಬಶಿ. ಮೂವತ್ತು ವರ್ಷದಷ್ಟು ಕಾಲ ಕೋಟೆ ಕಾದಿದ್ದ ಮುದುಕ. ದಖ್ಖನಿನ ಮೊಗಲ್ ಸುಬೇದಾರನಾಗಿದ್ದ ಔರಂಗಜೇಬ್ 1657ರ ಜನವರಿಯಲ್ಲಿ ಸೇನಾನಿ ಮೀರ್ ಜುಮ್ಲಾನ ಜೊತೆ ಔರಂಗಾಬಾದಿನಿಂದ ಹೊರಟ. ಫೆಬ್ರವರಿಯ ಕೊನೆಗೆ ಬೀದರ್ ಮುಟ್ಟಿದ. ಮುತ್ತಿಗೆ 27 ದಿನ ನಡೆಯಿತು. ಕಂದಕಗಳನ್ನು ತುಂಬುತ್ತ, ಮರೆಗುಂಡಿ ತೋಡುತ್ತ ಮೊಗಲರು ಗೋಡೆಯ ಹತ್ತಿರ ಬಂದರು. ಮೀರ್ ಜುಮ್ಲಾನ ತೋಪುಗಳು ಎರಡು ಬುರುಜುಗಳನ್ನು ಒಡೆದವು. ಒಳಗಿನವರು ಇರುಳಿನಲ್ಲಿ ಹೊರಬಂದು ಮರೆಗುಂಡಿಗಳ ಮೇಲೆ ಬೀಳುತ್ತಿದ್ದರು.

ಮಾರ್ಚ್ 29ರಂದು ಮುತ್ತಿಗೆ ಮುಗಿದದ್ದು ಸ್ಫೋಟದಿಂದ. ಬುರುಜಿನ ಹಿಂದೆ ಮರ್ಜಾನ್ ಒಂದು ಗುಂಡಿ ತೋಡಿಸಿ ಅದರಲ್ಲಿ ಮದ್ದನ್ನೂ ಕೈಗುಂಡುಗಳನ್ನೂ ತುಂಬಿಸಿದ್ದ. ಶತ್ರು ಒಳನುಗ್ಗಿದಾಗ ಸಿಡಿಸಬೇಕೆಂಬುದು ಅವನ ಎಣಿಕೆ. ಮೊಗಲರು ಏರಿ ಬರುತ್ತಿದ್ದ ಹೊತ್ತಿಗೆ ಅವರ ಕಡೆಯ ಬೆಂಕಿಯ ಕಿಡಿಯೊಂದು ಆ ಗುಂಡಿಗೇ ಬಿದ್ದಿತು. ಮರ್ಜಾನನಿಗೂ ಅವನ ಮಕ್ಕಳಿಗೂ ಸುತ್ತಲಿದ್ದವರಿಗೂ ಸುಟ್ಟಗಾಯಗಳಾದವು. ಸಾಯುವ ಸ್ಥಿತಿಯಲ್ಲಿದ್ದ ಅವನು ಕೋಟೆಯ ಬೀಗದಕೈಗಳನ್ನು ಮಕ್ಕಳ ಕೈಯಲ್ಲಿ ಕಳಿಸಿ ಶರಣಾದ. ಗೆದ್ದವರಿಗೆ ಹನ್ನೆರಡು ಲಕ್ಷ ರೂಪಾಯಿ ನಗದು, ಎಂಟು ಲಕ್ಷ ಬೆಲೆಯ ಮದ್ದುಗುಂಡು ಮತ್ತು ಧಾನ್ಯ, 230 ತೋಪುಗಳು ಸಿಕ್ಕವು ಎಂದು ಇತಿಹಾಸಕಾರ ಜದುನಾಥ ಸರ್ಕಾರ್ ಪಾರಸಿ ಮೂಲಗಳಿಂದ ಲೆಕ್ಕ ಕೊಡುತ್ತಾರೆ. ಊರಿಗೆ ಜಫರಾಬಾದ್ ಎಂಬ ಹೊಸ ಹೆಸರು ಬಂತು. ಜನರ ಬಾಯಲ್ಲಿ ಅದು ನಿಲ್ಲಲಿಲ್ಲ.

ಈ ಘಟನೆ ಚಿತ್ರವಾಗದೆ ಹೋದದ್ದು ಮೊಗಲ್ ಚಿತ್ರಕಾರರಿಗೆ ಸ್ಫೋಟ ಬರೆಯಲು ಬರುತ್ತಿರಲಿಲ್ಲವೆಂದಲ್ಲ. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವ ಅಕ್ಬರ್‌ನಾಮಾದ ಹಸ್ತಪ್ರತಿಯಲ್ಲಿ 1567-68ರ ಚಿತ್ತೋಡದ ಮುತ್ತಿಗೆಯ ಎರಡು ಪುಟದ ಚಿತ್ರವಿದೆ. ಗೋಡೆಯ ಕೆಳಗಿನ ಸುರಂಗಮದ್ದು ಹೊತ್ತು ತಪ್ಪಿ ಸಿಡಿದು ಅಕ್ಬರನ ಸೈನಿಕರೇ ಸತ್ತ ಪ್ರಸಂಗ ಅದು. ಕಲ್ಲುಗಳೂ ಮನುಷ್ಯರೂ ಒಟ್ಟಿಗೆ ಆಕಾಶಕ್ಕೆ ಎಸೆಯಲ್ಪಟ್ಟಿದ್ದಾರೆ. ಸ್ವಪಕ್ಷದ ಅನಾಹುತವನ್ನು ಮಿಸ್ಕೀನ್ ಮೊದಲಾದ ಕಲಾವಿದರು ಮರೆಮಾಚಲಿಲ್ಲ. ಷಾಜಹಾನನ ಆಳಿಕೆಯ ಕಥನವಾದ ಪಾದಷಾಹ್‌ನಾಮಾದ ಚಿತ್ರಪ್ರತಿ ವಿಂಡ್ಸರ್ ಅರಮನೆಯಲ್ಲಿದೆ. ಅದರಲ್ಲಿ 1633ರ ದೌಲತಾಬಾದ್ ಮುತ್ತಿಗೆ ಚಿತ್ರಿತವಾಗಿದೆ. ದಖ್ಖನಿನ ಕೋಟೆ, ಬೆಟ್ಟದ ಕಡಿದಾದ ಮೈ, ತೋಪಿನ ಹೊಗೆ ಎಲ್ಲವೂ ಅಲ್ಲಿವೆ. ಆದರೆ ಆ ಪ್ರತಿ ಹೇಳುವುದು ಷಾಜಹಾನನ ಮೊದಲ ಹತ್ತು ವರ್ಷಗಳ ಕಥೆಯನ್ನು ಮಾತ್ರ. ಬೀದರ್ ಬಿದ್ದದ್ದು ಅವನ ಆಳಿಕೆಯ ಕೊನೆಗಾಲದಲ್ಲಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಚಕ್ರವರ್ತಿ ಕಾಯಿಲೆ ಬಿದ್ದ, ಮಕ್ಕಳ ನಡುವೆ ಸಿಂಹಾಸನದ ಯುದ್ಧ ಹೊತ್ತಿಕೊಂಡಿತು. ಗೆದ್ದ ಔರಂಗಜೇಬನಿಗೆ ಮುಂದೆ ಚಿತ್ರಶಾಲೆಯಲ್ಲಿ ಆಸಕ್ತಿ ಉಳಿಯಲಿಲ್ಲ. ಮುತ್ತಿಗೆ ಇಪ್ಪತ್ತು ವರ್ಷ ಮೊದಲು ನಡೆದಿದ್ದರೆ ಬೀದರಿನ ಬುರುಜೂ ಒಂದು ಪುಟದ ಮೇಲೆ ಸಿಡಿಯುತ್ತಿತ್ತೇನೋ.

ಹಾಗಾಗಿ ಈ ಮುತ್ತಿಗೆಯ ಚಿತ್ರ ನಮಗೆ ಸಿಗುವುದು ಬರವಣಿಗೆಯಲ್ಲಿ, ಮುಹಮ್ಮದ್ ಸಾಲಿಹ್ ಕಂಬೂ ಬರೆದ ಷಾಜಹಾನನ ಚರಿತ್ರೆ ಮತ್ತು ಔರಂಗಜೇಬನ ಪತ್ರಗಳ ಸಂಗ್ರಹವಾದ ಆದಾಬ್-ಎ-ಆಲಂಗೀರಿಯಲ್ಲಿ. ಇವು ಗೆದ್ದವರ ಕಣ್ಣಿನ ಚಿತ್ರಗಳು. ಗೋಡೆಯ ಎತ್ತರ, ಕಂದಕದ ಆಳ, ದೊರೆತ ತೋಪುಗಳ ಲೆಕ್ಕ ಅಲ್ಲಿ ನಿಖರವಾಗಿವೆ. ಊರಿನ ಮನೆಗಳಿಗೆ, ಪೇಟೆಗೆ ಏನಾಯಿತು ಎಂಬ ಮಾತಿಗೆ ಜಾಗ ಕಡಿಮೆ. ದಶಕ ಕಳೆದ ಮೇಲೆ, 1666-67ರಲ್ಲಿ ದಖ್ಖನ್ ಸುತ್ತಿದ ಫ್ರೆಂಚ್ ಪ್ರವಾಸಿ ಥೆವೆನೋ ಬೀದರನ್ನು ದೊಡ್ಡ ಊರು ಎಂದು ಬಣ್ಣಿಸಿದ. ತೆನೆಗಳಿರುವ ಕೋಟೆಗೋಡೆ, ನಡುನಡುವೆ ಬುರುಜುಗಳು, ಬಾಯಿ ಮೂರಡಿ ಅಗಲವಿರುವ ತೋಪುಗಳು, ಮೂರು ಸಾವಿರದಷ್ಟು ಪಹರೆಯ ಸೈನ್ಯ ಅವನ ಕಣ್ಣಿಗೆ ಬಿದ್ದವು. ನಿಕಿತಿನ್ ಕಂಡ ಚಿನ್ನದ ಲೇಪದ ಅರಮನೆಯ ಊರು ಇನ್ನೂರು ವರ್ಷಗಳಲ್ಲಿ ದಂಡಿನ ಠಾಣ್ಯವಾಗಿತ್ತು. ಈ ಇಬ್ಬರನ್ನು ಒಟ್ಟಿಗೆ ಓದಿದರೆ ಆ ಬದಲಾವಣೆ ಎದ್ದುಕಾಣುತ್ತದೆ.

ಮದರಸಾದ ಸ್ಫೋಟ

ಊರಿನ ಮುಖವನ್ನೇ ಬದಲಿಸಿದ ಸ್ಫೋಟ ಸಂಭವಿಸಿದ್ದು ಮುತ್ತಿಗೆಯ ನಾಲ್ಕು ದಶಕಗಳ ನಂತರ. ಮೊಗಲ್ ಆಡಳಿತ ಮದರಸಾವನ್ನು ಸೈನಿಕರ ವಸತಿಯಾಗಿ ಬಳಸುತ್ತಿತ್ತು. ಕೆಲವು ಕೋಣೆಗಳಲ್ಲಿ ಬಾರೂದು ತುಂಬಿಟ್ಟಿದ್ದರು. 1695-96ರಲ್ಲಿ ಅದು ಸಿಡಿಯಿತು. ಸಿಡಿಲು ಬಡಿದು ಹೊತ್ತಿಕೊಂಡಿತು ಎಂಬುದು ಪರಂಪರೆಯ ಹೇಳಿಕೆ. ಕಾದಾಟದ ದಿನವಲ್ಲದಿದ್ದರೂ ಇದು ಯುದ್ಧದ ಹಾನಿಯೇ. ಔರಂಗಜೇಬನ ದಖ್ಖನ್ ಯುದ್ಧಗಳು ಮುಗಿಯದೆ ಎಳೆದ ಕಾಲವದು. ವಿದ್ಯಾಶಾಲೆಯೊಂದು ಮದ್ದಿನಮನೆಯಾದದ್ದು ಆ ಯುದ್ಧಗಳ ಕಾರಣದಿಂದಲೇ. ಸಿಡಿಲನ್ನು ದೂರಿ ಅದನ್ನು ದೈವಗತಿಯೆಂದು ಬಿಟ್ಟುಬಿಡುವುದು ಸುಲಭ. ಸಿಡಿಲು ಬಿದ್ದದ್ದು ಎಲ್ಲಿಗೆ, ಅಲ್ಲಿ ಮದ್ದು ಇಟ್ಟವರು ಯಾರು ಎಂದು ಚಿತ್ರಣದ ಚರಿತ್ರೆ ಕೇಳಲೇಬೇಕು.

ಇಂದು ಪೂರ್ವದ ಬೀದಿಯಲ್ಲಿ ನಿಂತು ಕಟ್ಟಡವನ್ನು ಎದುರಿಸಿದರೆ ಬಲಗಡೆ, ಎಂದರೆ ಉತ್ತರದ ತುದಿಯಲ್ಲಿ, ಉಳಿದ ಮಿನಾರು ಸುಮಾರು 130 ಅಡಿ ಎತ್ತರಕ್ಕೆ ಏರುತ್ತದೆ. ಅದರ ಮೊಗಸಾಲೆಗಳನ್ನು ಹೊರಲು ಕಲ್ಲಿನ ಚಾಚುಗಳಿಲ್ಲ. ಗೋಡೆಯ ಮೈಯೇ ಮೆಲ್ಲನೆ ಹೊರಕ್ಕೆ ಬಾಗಿ ಮೊಗಸಾಲೆಯಾಗುತ್ತದೆ. ಇದು ಇರಾನಿನ ಕಡೆಯಿಂದ ಬಂದ ಕಟ್ಟುವ ಕ್ರಮ. ಮಿನಾರಿನ ಮೈಮೇಲೆ ಅಂಕುಡೊಂಕಾಗಿ ಏರುವ ಟೈಲ್ಸ್ ಪಟ್ಟಿಗಳು, ಮುಂಗೋಡೆಯ ಮೇಲೆ ನೀಲಿ, ಬಿಳಿ, ಹಳದಿ, ಹಸಿರು ಬಣ್ಣಗಳ ಹೂಬಳ್ಳಿ, ಮೇಲ್ಭಾಗದಲ್ಲಿ ಗಾಢನೀಲಿಯ ನೆಲದ ಮೇಲೆ ಬಿಳಿಯ ದಪ್ಪಕ್ಷರದ ಕುರಾನಿನ ಸಾಲು ಇವೆ. ಕೈಗೆ ಎಟುಕುವ ಎತ್ತರದಲ್ಲಿ ಟೈಲ್ಸ್ ಬಹುಮಟ್ಟಿಗೆ ಹೋಗಿವೆ, ಮೇಲೆ ಹೋದಂತೆ ಉಳಿದಿವೆ. ಅಕ್ಷರದ ಸಾಲು ಎಡಕ್ಕೆ ಸಾಗುತ್ತ ಸಾಗುತ್ತ ಒಮ್ಮೆಲೇ ಕಡಿದುಹೋಗುತ್ತದೆ. ಅಲ್ಲಿಂದ ಮುಂದೆ ಮುಂಗೋಡೆ ಇಲ್ಲ, ದಕ್ಷಿಣದ ಮಿನಾರಿಲ್ಲ, ಆ ಪಾರ್ಶ್ವದ ಬಹುಭಾಗವಿಲ್ಲ. ಬಿರುಕಿನ ಬಾಯಲ್ಲಿ ಒಳಗಿನ ಕೋಣೆಗಳ ಕಮಾನುಗಳು, ಮೂರು ಅಂತಸ್ತಿನ ಗಾರೆಯ ಪದರಗಳು ಬೀದಿಗೆ ತೆರೆದುಕೊಂಡು ನಿಂತಿವೆ. ಯಾವ ಚಿತ್ರಕಾರನೂ ಇರದಿದ್ದ ಸ್ಫೋಟ ಹೇಗೆ ಹರಡಿತು ಎಂಬುದನ್ನು ಆ ಕಡಿದ ಅಂಚೇ ತೋರಿಸುತ್ತಿದೆ.

ಬೀದರಿನ ಎಲ್ಲ ಬಿರುಕುಗಳೂ ಮದ್ದಿನವಲ್ಲ ಎಂಬ ಎಚ್ಚರವೂ ಬೇಕು. ಬೀದರಿನ ಹತ್ತಿರದ ಅಷ್ಟೂರಿನ ಬಹಮನಿ ಗೋರಿಗಳಲ್ಲಿ ಕ್ರೂರಿಯೆಂದು ಹೆಸರಾದ ಸುಲ್ತಾನ ಹುಮಾಯೂನನ ಗುಮ್ಮಟ ಅರ್ಧ ಒಡೆದು, ಉಳಿದರ್ಧ ಚಿಪ್ಪಿನಂತೆ ನಿಂತಿದೆ. ಅದು ಬಿದ್ದದ್ದು ಸಿಡಿಲಿನಿಂದ ಎನ್ನುತ್ತಾರೆ. ಅಲ್ಲಿ ಮದ್ದಿನ ಕಥೆಯಿಲ್ಲ. ಚಿತ್ರಸಂಪುಟಗಳಲ್ಲಿ ಮದರಸಾ ಮತ್ತು ಈ ಗೋರಿ ಅಕ್ಕಪಕ್ಕದ ಪುಟಗಳಲ್ಲಿ ಬಂದಾಗ ಎರಡೂ ಒಂದೇ ಬಗೆಯ ಭಗ್ನಾವಶೇಷವಾಗಿ ಕಾಣುತ್ತವೆ. ಒಂದರ ಹಿಂದೆ ಮನುಷ್ಯರ ನಿರ್ಧಾರವಿದೆ, ಇನ್ನೊಂದರ ಹಿಂದೆ ಇಲ್ಲ. ಚಿತ್ರದ ಕೆಳಗಿನ ವಿವರಣೆಯಲ್ಲಿ ಈ ವ್ಯತ್ಯಾಸವನ್ನು ಹೇಳದ ಪುಸ್ತಕ ಓದುಗನನ್ನು ದಾರಿತಪ್ಪಿಸುತ್ತದೆ.

ಶ್ರೀರಂಗಪಟ್ಟಣದೊಡನೆ ಹೋಲಿಕೆ

ಕರ್ನಾಟಕದಲ್ಲಿ ಗುಂಡಿನ ದಾಳಿಗೊಳಗಾದ ನಗರವೊಂದು ಅತಿ ಹೆಚ್ಚು ಚಿತ್ರಗಳಲ್ಲಿ ಬಂದ ಉದಾಹರಣೆ ಶ್ರೀರಂಗಪಟ್ಟಣ. ಅದರ ಪಕ್ಕದಲ್ಲಿಟ್ಟು ನೋಡಿದಾಗ ಬೀದರಿನ ಸ್ಥಿತಿ ಸ್ಪಷ್ಟವಾಗುತ್ತದೆ. ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ದಂಡಿನ ಜೊತೆ ರಾಬರ್ಟ್ ಹೋಮ್ ಎಂಬ ಚಿತ್ರಕಾರ ಬಂದಿದ್ದ. ಅವನ ಮೈಸೂರು ಸೀಮೆಯ ದೃಶ್ಯಗಳು 1794ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಅಲೆಕ್ಸಾಂಡರ್ ಅಲನ್, ರಾಬರ್ಟ್ ಕೋಲ್‌ಬ್ರೂಕ್ ಎಂಬ ಸೇನಾಧಿಕಾರಿಗಳೂ ಅದೇ ಹೊತ್ತಿಗೆ ತಮ್ಮ ಚಿತ್ರಮಾಲೆಗಳನ್ನು ಹೊರತಂದರು. ಬೆಂಗಳೂರಿನ ಕೋಟೆ, ಗಿರಿದುರ್ಗಗಳು, ಶ್ರೀರಂಗಪಟ್ಟಣದ ದೂರದ ನೋಟ ಇವುಗಳ ವಸ್ತು. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಸತ್ತ ಮೇಲೆ ಚಿತ್ರಗಳ ಪ್ರವಾಹವೇ ಹರಿಯಿತು. ಭಾರತಕ್ಕೆ ಕಾಲಿಡದಿದ್ದ ರಾಬರ್ಟ್ ಕರ್ ಪೋರ್ಟರ್ 1800ರಲ್ಲಿ ಲಂಡನ್ನಿನ ಲೈಸಿಯಮ್ ಸಭಾಂಗಣದಲ್ಲಿ ಸುಮಾರು 120 ಅಡಿ ಉದ್ದದ ಅರ್ಧವೃತ್ತದ ಚಿತ್ರ ಕಟ್ಟಿದ. ಜನ ದುಡ್ಡು ಕೊಟ್ಟು ಬಂದು ಕೋಟೆಯ ಬಿರುಕಿನೆದುರು ನಿಂತರು. ಮೂಲ ಬೆಂಕಿಗೆ ಆಹುತಿಯಾಯಿತು, ಅದರ ಅಚ್ಚುಚಿತ್ರಗಳು ಉಳಿದಿವೆ. ಇಂಗ್ಲೆಂಡಿನ ದೊಡ್ಡ ಭೂದೃಶ್ಯ ಚಿತ್ರಕಾರ ಟರ್ನರ್ ಕೂಡ ಯುವಕನಾಗಿದ್ದಾಗ ಈ ಮುತ್ತಿಗೆಯನ್ನು ಜಲವರ್ಣದಲ್ಲಿ ಬರೆದ. ಅವನೂ ಕಾವೇರಿಯನ್ನು ಕಂಡವನಲ್ಲ. 1839ರಲ್ಲಿ ಡೇವಿಡ್ ವಿಲ್ಕಿ ಬರೆದ ಭಾರಿ ಚಿತ್ರದಲ್ಲಿ ಸೇನಾನಿ ಬೇರ್ಡ್ ಟಿಪ್ಪುವಿನ ಶವವನ್ನು ಪತ್ತೆಹಚ್ಚುತ್ತಾನೆ.

ಇಷ್ಟೊಂದು ಚಿತ್ರಗಳಲ್ಲಿ ಊರು ಎಲ್ಲಿದೆ? ಬಿರುಕುಬಿಟ್ಟ ಗೋಡೆ ಬಿಳಿಯ ಸೇನಾನಿಗಳ ಪರಾಕ್ರಮಕ್ಕೆ ರಂಗಸಜ್ಜಿಕೆಯಾಗಿದೆ. ಲೂಟಿಗೊಳಗಾದ ಬೀದಿಗಳು, ಆಮೇಲೆ ನೆಲಸಮವಾದ ಅರಮನೆ, ಖಾಲಿಯಾದ ಊರು ಚೌಕಟ್ಟಿನ ಹೊರಗೆ ಉಳಿದವು. ಸ್ಥಳೀಯ ಕಲಾವಿದರು ಸ್ಫೋಟವೊಂದನ್ನು ಬರೆದ ನಿದರ್ಶನ ಅದೇ ಊರಿನ ದರಿಯಾ ದೌಲತ್‌ನಲ್ಲಿದೆ. 1784ರ ಆ ಬೇಸಿಗೆ ಅರಮನೆಯ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧ ಹರಡಿಕೊಂಡಿದೆ. ನಡುವೆ ಪಲ್ಲಕ್ಕಿಯಲ್ಲಿ ಗಾಯಗೊಂಡ ಬ್ರಿಟಿಷ್ ಸೇನಾನಿ ಬೇಲಿ, ಅವನ ಸುತ್ತ ಚೌಕಾಕಾರವಾಗಿ ನಿಂತ ಕೆಂಪು ಅಂಗಿಯ ಸಿಪಾಯಿಗಳು, ಸಿಡಿಯುತ್ತಿರುವ ಮದ್ದಿನ ಬಂಡಿ. ಯುದ್ಧದ ಗತಿಯನ್ನು ಬದಲಿಸಿದ್ದು ಆ ಬಂಡಿ ಎಂದು ಮೈಸೂರಿನ ಚಿತ್ರಕಾರರಿಗೆ ಗೊತ್ತಿತ್ತು. ಈಗ ಕಾಣುವ ಚಿತ್ರ 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಆಜ್ಞೆಯಂತೆ ತಿದ್ದಿ ಬಳಿದದ್ದು, ಆದರೆ ವಿನ್ಯಾಸ ಹಳೆಯದೇ.

ಹೋಮ್‌ನಂಥವನು ಬೀದರ್‌ಗೆ ಬಾರದೆ ಇದ್ದದ್ದಕ್ಕೆ ಕಾರಣ ಸರಳ. ಬೀದರ್ ಈಸ್ಟ್ ಇಂಡಿಯಾ ಕಂಪನಿ ಗೆದ್ದ ಊರಲ್ಲ. ಹದಿನೆಂಟನೆಯ ಶತಮಾನದಿಂದ ಅದು ಹೈದರಾಬಾದಿನ ಆಸಫ್ ಜಾಹಿಗಳದು. ನಿಜಾಮ್ ಅಲಿ ತನ್ನಣ್ಣ ಸಲಾಬತ್ ಜಂಗನನ್ನು ಪದಚ್ಯುತಗೊಳಿಸಿ 1762ರಲ್ಲಿ ಸೆರೆಯಿಟ್ಟದ್ದು ಇದೇ ಕೋಟೆಯಲ್ಲಿ. ಲಂಡನ್ನಿನ ಗಿರಾಕಿಗಳಿಗೆ ಮಾರಲು ಇಲ್ಲಿ ವಿಜಯವಿರಲಿಲ್ಲ.

ಕ್ಯಾಮೆರಾ ಬಂದ ಮೇಲೆ

ನಿಜಾಮನ ಸೇವೆಯಲ್ಲಿದ್ದು ಸುರಪುರದಲ್ಲಿ ಆಡಳಿತಗಾರನಾಗಿ ಹೆಸರಾದ ಮೆಡೋಸ್ ಟೇಲರ್ ಚಿತ್ರ ಬಿಡಿಸಬಲ್ಲವನಾಗಿದ್ದ, ಕಾದಂಬರಿಕಾರನೂ ಆಗಿದ್ದ. 1870ರಲ್ಲಿ ಬಂದ ತನ್ನ ಭಾರತ ಇತಿಹಾಸದ ಪಠ್ಯದಲ್ಲಿ ಅವನು ಗವಾನನ ಮದರಸಾವನ್ನು ಅಭಿಮಾನದಿಂದ ವರ್ಣಿಸಿದ. 1875-76ರಲ್ಲಿ ಪಶ್ಚಿಮ ಭಾರತದ ಪುರಾತತ್ತ್ವ ಸಮೀಕ್ಷೆ ನಡೆಸಿದ ಜೇಮ್ಸ್ ಬರ್ಜೆಸ್ 1878ರಲ್ಲಿ ಪ್ರಕಟಿಸಿದ ವರದಿಯ ಹೆಸರಿನಲ್ಲೇ ಬೀದರ್ ಜಿಲ್ಲೆ ಇದೆ. ಆದರೆ ಅವನ ಒಲವು ಹೆಚ್ಚಾಗಿ ಗುಹೆಗಳ ಕಡೆಗೆ.

ಬೀದರಿನ ಮುಖವನ್ನು ಹೊರಜಗತ್ತಿಗೆ ಮುಟ್ಟಿಸಿದವರು ರಾಜಾ ಲಾಲಾ ದೀನ್ ದಯಾಳ್. ಆರನೆಯ ನಿಜಾಮ ಮಹಬೂಬ್ ಅಲಿ ಖಾನನ ಆಸ್ಥಾನ ಛಾಯಾಗ್ರಾಹಕರಾದ ಅವರು 1880ರ ದಶಕದಲ್ಲಿ ಸಂಸ್ಥಾನದ ಕೋಟೆ, ಗೋರಿ, ದೇಗುಲಗಳನ್ನು ದೊಡ್ಡ ಗಾಜಿನ ಫಲಕಗಳಲ್ಲಿ ಸೆರೆಹಿಡಿದರು. ಬೀದರಿನ ದೃಶ್ಯಗಳೂ ಅದರಲ್ಲಿ ಸೇರಿದವು. 1892ರ ಒಂದು ಸಂಪುಟ ಮುಂದೆ ಲಾರ್ಡ್ ಕರ್ಜನ್‌ನ ಸಂಗ್ರಹದ ಭಾಗವಾಗಿ ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅಂದಿನ ಕ್ಯಾಮೆರಾಗೆ ಸ್ಥಿರವಾದ ಬೆಳಕು ಬೇಕು, ಸ್ಥಿರವಾದ ವಸ್ತು ಬೇಕು. ಹಾಗಾಗಿ ಆ ಕಾಲದ ಕಟ್ಟಡಚಿತ್ರಗಳ ಸ್ವಭಾವವೇ ನಿಶ್ಚಲತೆ. ಹಂಪೆಯಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಮೇಣಗಾಗದದ ಮೇಲೆ ತೆಗೆದ ಚಿತ್ರಗಳಲ್ಲೂ ಇದನ್ನು ಕಾಣಬಹುದು. ನಿಶ್ಚಲ ಚಿತ್ರದಲ್ಲಿ ಮುರಿದ ಮಿನಾರು ಅನಾದಿಯಿಂದ ಹಾಗೇ ಇತ್ತೇನೋ ಎಂಬಂತೆ ಕಾಣುತ್ತದೆ. ಇದು ಛಾಯಾಗ್ರಾಹಕನ ದೋಷವಲ್ಲ. ಆದರೆ ಬೀದರ್ ಎಂದರೆ ಪಾಳುಬಿದ್ದ ಸುಂದರ ಊರು ಎಂಬ ಕಲ್ಪನೆ ಬೇರುಬಿಟ್ಟದ್ದು ಈ ಬಗೆಯ ಫಲಕಗಳಿಂದಲೇ ಎಂದು ಧೈರ್ಯವಾಗಿ ಹೇಳಬಹುದು.

ಯಜ್ದಾನಿಯವರ ನಕ್ಷೆಗಳು

ಹೈದರಾಬಾದ್ ಸಂಸ್ಥಾನ 1914ರಲ್ಲಿ ಪುರಾತತ್ತ್ವ ಇಲಾಖೆ ತೆರೆದಾಗ ಅದರ ಮುಖ್ಯಸ್ಥರಾದವರು ಗುಲಾಮ್ ಯಜ್ದಾನಿ. ಬೀದರ್ ಕೋಟೆಯೊಳಗೆ ಮಣ್ಣು ಮತ್ತು ಒಡೆದ ಗಾರೆಯ ರಾಶಿ ತೆಗೆಸಿ ಅರಮನೆಗಳ ನೆಲಗಟ್ಟು, ಹೌಜು, ಕಾರಂಜಿಗಳನ್ನು ಬೆಳಕಿಗೆ ತಂದದ್ದು ಅವರ ಕಾಲದಲ್ಲಿ. ಬೀದರಿನ ಇತಿಹಾಸ ಮತ್ತು ಸ್ಮಾರಕಗಳ ಕುರಿತ ಅವರ ಬೃಹತ್ ಗ್ರಂಥ 1947ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯದಿಂದ ಹೊರಬಂತು. ಮರುವರ್ಷ ಸಂಸ್ಥಾನವೇ ಭಾರತದಲ್ಲಿ ವಿಲೀನವಾಯಿತು, 1956ರಲ್ಲಿ ಬೀದರ್ ಕನ್ನಡ ನಾಡನ್ನು ಸೇರಿತು. ಈ ಊರನ್ನು ಕುರಿತು ಯಾರೇ ಬರೆಯಲಿ, ಇವತ್ತಿಗೂ ಮೊದಲು ತೆರೆಯುವುದು ಅದೇ ಪುಸ್ತಕವನ್ನು.

ಅದರ ಫಲಕಗಳನ್ನು ಕಲೆ ಎಂದು ಕರೆಯಬಹುದೇ ಎಂಬ ಪ್ರಶ್ನೆ ಬರಬಹುದು. ಖಂಡಿತವಾಗಿ ಕರೆಯಬಹುದು. ಅಳತೆಯ ನಕ್ಷೆ ಬರೆಯುವವನು ಪ್ರತಿ ಗೆರೆಯಲ್ಲೂ ಒಂದು ತೀರ್ಮಾನ ಮಾಡುತ್ತಾನೆ. ಇರುವ ಗೋಡೆಯನ್ನು ಗಟ್ಟಿ ಗೆರೆಯಲ್ಲಿ ತೋರಿಸಬೇಕು, ಬಿದ್ದ ಗೋಡೆಯನ್ನು ತೋರಿಸಬೇಕೋ ಬೇಡವೋ ನಿರ್ಧರಿಸಬೇಕು. ಕ್ಯಾಮೆರಾ ಕಾಣಿಸಲಾಗದ ಸಂಗತಿಯನ್ನು ನೆಲನಕ್ಷೆ ಕಾಣಿಸುತ್ತದೆ. ಮದರಸಾದ ನಾಲ್ಕು ಪಾರ್ಶ್ವಗಳು ಒಂದಕ್ಕೊಂದು ಸರಿಹೊಂದುವಂತಿದ್ದವು, ಕಟ್ಟಡದ ಯಾವ ಮೂಲೆ ಹಾರಿಹೋಯಿತು, ಸ್ಫೋಟದ ಬಲ ಯಾವ ಗೋಡೆಯಲ್ಲಿ ನಿಂತಿತು ಎಂಬುದೆಲ್ಲ ನಕ್ಷೆಯಲ್ಲಿ ಒಂದೇ ನೋಟಕ್ಕೆ ಸಿಗುತ್ತದೆ. ಯಜ್ದಾನಿಯವರ ಬರವಣಿಗೆಯ ಗುಣವೂ ಅದೇ. ಪ್ರತಿ ಬುರುಜಿಗೆ ಹೋಗಿ, ಪ್ರತಿ ತೋಪಿನ ಉದ್ದ ಅಳೆದು, ಶಾಸನ ಓದಿ ಬರೆಯುತ್ತಾರೆ. ಎಲ್ಲೂ ಗೋಳಿಲ್ಲ, ಆದರೆ ಈ ಊರಿಗಾಗಿ ಒಬ್ಬ ವಿದ್ವಾಂಸ ತನ್ನ ಆಯುಷ್ಯದ ದೊಡ್ಡ ಪಾಲನ್ನು ಕೊಟ್ಟ ಪ್ರೀತಿ ಪುಟಪುಟದಲ್ಲೂ ಇದೆ.

ನಗರದ ನಡುವಿನ ಚೌಬಾರಾ ನೆನೆಯಬೇಕಾದದ್ದು ಇಲ್ಲೇ. 71 ಅಡಿ ಎತ್ತರದ, 80 ಮೆಟ್ಟಿಲುಗಳ ಈ ದುಂಡುಗೋಪುರ ಮೂಲತಃ ಶತ್ರುಗಳ ಮೇಲೆ ಕಣ್ಣಿಡಲು ಕಟ್ಟಿದ್ದು. ಊರಿನ ಒಟ್ಟು ವಿನ್ಯಾಸವನ್ನು ಕಾಣಬೇಕೆಂಬ ನಕ್ಷೆಗಾರನಿಗೆ ಇಂಥ ಎತ್ತರವೇ ಬೇಕು. ಇಲ್ಲಿಂದ ಮದರಸಾ, ಅದರಾಚೆ ಕೋಟೆ ಒಂದೇ ಸಾಲಿಗೆ ಬರುತ್ತವೆ.

ಕುಸುರಿಯವರ ಊರು

ಬೀದರಿನದೇ ಆದ ದೊಡ್ಡ ಕಲೆ ಬಿದರಿ. ಸತು ಮತ್ತು ತಾಮ್ರದ ಎರಕದ ಮೇಲೆ ಉಳಿಯಿಂದ ಗೀರಿ ಬೆಳ್ಳಿಯ ತಂತಿ, ತಗಡು ಕೂರಿಸುತ್ತಾರೆ. ಕೊನೆಗೆ ನವಸಾಗರ ಮತ್ತು ಕೋಟೆಯ ಮಣ್ಣು ಬೆರೆಸಿದ ನೀರಿನಲ್ಲಿ ಕಾಯಿಸಿದರೆ ಎರಕ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬಿಸಿಲು ಮಳೆ ಕಾಣದ ಹಳೆಯ ಕೋಟೆಯ ಒಳಭಾಗದ ಮಣ್ಣೇ ಆಗಬೇಕು. ಕುಸುರಿಗಾರರು ಅದನ್ನು ನಾಲಗೆಯ ಮೇಲಿಟ್ಟು ಪರೀಕ್ಷಿಸುತ್ತಾರೆ. ಅಂಥ ಮಣ್ಣಿನಲ್ಲಿ ಪೆಟ್ಲುಪ್ಪಿನ ಅಂಶವಿರುತ್ತದೆ ಎನ್ನುತ್ತಾರೆ. ಬಾರೂದಿನ ಮುಖ್ಯ ಪದಾರ್ಥವೂ ಪೆಟ್ಲುಪ್ಪೇ. 2006ರಲ್ಲಿ ಈ ಕಲೆಗೆ ಭೌಗೋಳಿಕ ಗುರುತು ದೊರೆಯಿತು. 2023ರಲ್ಲಿ ಬಿದರಿ ಕಲಾವಿದ ಷಾ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಬಿದರಿಯ ಸಾಂಪ್ರದಾಯಿಕ ವಸ್ತು ಹೂವು, ಬಳ್ಳಿ, ಎಲೆ, ಅಕ್ಷರ. ಸುತ್ತಲೂ ಮುರಿದ ಕಮಾನುಗಳಿರುವ ಊರಿನಲ್ಲಿ ಕುಳಿತ ಕಲಾವಿದರು ಮುರಿದದ್ದನ್ನು ಕೆತ್ತದೆ, ಅದೇ ಕಟ್ಟಡಗಳ ಟೈಲ್ಸಿನಲ್ಲಿದ್ದಂಥ ಹೂಬಳ್ಳಿಯನ್ನು ಮುಂದುವರಿಸಿದರು. ಮದರಸಾದ ಗೋಡೆಯಿಂದ ಉದುರಿದ ಅಲಂಕಾರದ ಸೋದರ ರೂಪ ಹೂಜಿಯ ಮೈಮೇಲೆ ಇಂದಿಗೂ ಜೀವಂತವಾಗಿದೆ. ಯುದ್ಧದ ನಂತರದ ಊರಿಗೆ ಕಲೆ ಕೊಟ್ಟ ಉತ್ತರಗಳಲ್ಲಿ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಈಚಿನ ಚಿತ್ರಗಳು

ಹೆಲೆನ್ ಫಿಲೋನ್ ಸಂಪಾದಿಸಿ ಮಾರ್ಗ್ ಸಂಸ್ಥೆ 2010ರಲ್ಲಿ ಹೊರತಂದ ದಖ್ಖನಿನ ಅರಮನೆಗಳ ಗ್ರಂಥಕ್ಕೆ ಬೆಂಗಳೂರಿನ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಚಿತ್ರಗಳನ್ನು ತೆಗೆದರು. ಬೀದರ್ ಕೋಟೆಯನ್ನು ಬಣ್ಣದಲ್ಲಿ ಹತ್ತಿರದಿಂದ ನೋಡುವ ಕೆಲಸ ಇಂಥ ಪುಸ್ತಕಗಳಿಂದ ಮುಂದುವರಿದಿದೆ. ತಖ್ತ್ ಮಹಲಿನ ಕಮಾನಿನ ಮೂಲೆಯಲ್ಲಿ ಬೆನ್ನಮೇಲೆ ಸೂರ್ಯನನ್ನು ಹೊತ್ತ ಹುಲಿ, ಷರ್ಜಾ ದರ್ವಾಜಾದ ಕಲ್ಲಿನ ಹುಲಿಗಳು, ರಂಗೀನ್ ಮಹಲಿನ ಚಿಪ್ಪಿನ ಹೊಳಪು ಕಪ್ಪುಬಿಳುಪಿನ ಫಲಕಗಳಲ್ಲಿ ಎಂದೂ ಪೂರ್ತಿ ದಕ್ಕಿರಲಿಲ್ಲ. 2014ರಲ್ಲಿ ಬೀದರ್ ನಗರ ವಿಶ್ವ ಸ್ಮಾರಕ ನಿಧಿಯ ಕಾಳಜಿಯ ಪಟ್ಟಿಗೆ ಸೇರಿತು. ಅದೇ ವರ್ಷ ದಖ್ಖನ್ ಸುಲ್ತಾನರ ಸ್ಮಾರಕಗಳ ಭಾಗವಾಗಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲೂ ಹೆಸರು ಬಂತು.

ಮೊದಲಲ್ಲಿ ನೆನೆದ ಇಪ್ಪತ್ತನೆಯ ಶತಮಾನದ ಯುರೋಪಿನೊಡನೆ ಕೊನೆಗೊಮ್ಮೆ ಹೋಲಿಸಿ ನೋಡಬಹುದು. ಇಂಗ್ಲೆಂಡಿನ ಕವೆಂಟ್ರಿ ನಗರದ ಮೇಲೆ 1940ರ ನವೆಂಬರ್ 14ರ ರಾತ್ರಿ ಬಾಂಬು ಬಿತ್ತು. ಮರುದಿನ ಬೆಳಗ್ಗೆಯೇ ಚಿತ್ರಕಾರ ಜಾನ್ ಪೈಪರ್ ಅಲ್ಲಿಗೆ ಹೋಗಿ ಸುಟ್ಟ ದೊಡ್ಡ ಚರ್ಚನ್ನು ಚಿತ್ರಿಸಲು ತೊಡಗಿದ. ಸರಕಾರವೇ ಅವನನ್ನು ಯುದ್ಧದ ಕಲಾವಿದನಾಗಿ ನೇಮಿಸಿತ್ತು. ಪೋಲೆಂಡಿನ ವಾರ್ಸಾದಲ್ಲಿ ನಡೆದದ್ದು ಇನ್ನೊಂದು ಬಗೆ. ಹದಿನೆಂಟನೆಯ ಶತಮಾನದಲ್ಲಿ ಬೆಲ್ಲೊಟ್ಟೊ ಎಂಬ ಇಟಲಿಯ ಚಿತ್ರಕಾರ ಬರೆದಿದ್ದ ಬೀದಿಚಿತ್ರಗಳನ್ನು ಎದುರಿಗಿಟ್ಟುಕೊಂಡು, ಎರಡನೆಯ ಮಹಾಯುದ್ಧದಲ್ಲಿ ನಾಶವಾದ ಹಳೆಯ ಪೇಟೆಯನ್ನು ಮತ್ತೆ ಕಟ್ಟಿದರು. ಬೀದರ್‌ಗೆ ಪೈಪರನೂ ಇರಲಿಲ್ಲ, ಬೆಲ್ಲೊಟ್ಟೊ ಕೂಡ ಇರಲಿಲ್ಲ. ಬಿದ್ದ ಭಾಗವನ್ನು ಊಹಿಸಲು ಇಲ್ಲಿ ಕಟ್ಟಡವೇ ಆಧಾರ. ಉತ್ತರದ ಮಿನಾರಿನ ಅಳತೆಯಿಂದ ದಕ್ಷಿಣದ ಮಿನಾರಿನ ಎತ್ತರ, ಮೊಗಸಾಲೆಗಳ ಬಾಗು, ಉತ್ತರ ಪಾರ್ಶ್ವದ ಕೋಣೆಗಳಿಂದ ದಕ್ಷಿಣದ ಕೋಣೆಗಳ ಸಾಲು ಬರೆಯಲು ಸಾಧ್ಯ. ಟೈಲ್ಸಿನ ಬಣ್ಣದ ವಿನ್ಯಾಸ ಎರಡೂ ಕಡೆ ಒಂದೇ ಆಗಿತ್ತೇ ಎಂಬುದನ್ನು ಅಳತೆ ಹೇಳಲಾರದು. ಆದ್ದರಿಂದ ಕಾಗದದ ಮೇಲೆ ಕಟ್ಟಡವನ್ನು ಪೂರ್ಣಗೊಳಿಸುವ ಕಲಾವಿದ ಇರುವ ಗೋಡೆಗೂ ಊಹಿಸಿದ ಗೋಡೆಗೂ ಬೇರೆ ಬೇರೆ ಗೆರೆ ಬಳಸಬೇಕಾಗುತ್ತದೆ. ಆ ಎರಡು ಗೆರೆಗಳು ಸೇರುವ ಜಾಗವೇ 1695-96ರ ಸ್ಫೋಟದ ಅಂಚು.